ಕಾರಿಗೆ ಜಾಗ ಕೇಳಿದ ನಿಯಮ, ಖಾಲಿ ಉಳಿದ ಮಹಡಿಗಳು

ಲಾಸ್ ಏಂಜಲೀಸ್‌ನ ಹಳೇ ಡೌನ್‌ಟೌನ್‌ನಲ್ಲಿ ಸ್ಪ್ರಿಂಗ್ ಸ್ಟ್ರೀಟ್ ಅಂತ ಒಂದು ಬೀದಿ ಇದೆ. ನೂರು ವರ್ಷದ ಹಿಂದೆ ಅದು ಬ್ಯಾಂಕುಗಳ ಬೀದಿ. ಕಟ್ಟಡ 150 ಅಡಿ ಎತ್ತರ ದಾಟಬಾರದು ಎಂಬ ನಿಯಮ ಆಗ ಇತ್ತು. ಹಾಗಾಗಿ ಹನ್ನೆರಡು, ಹದಿಮೂರು ಮಹಡಿಯ ಗಟ್ಟಿಮುಟ್ಟಾದ ಕಟ್ಟಡಗಳು ಅಲ್ಲಿ ಸಾಲಾಗಿ ಎದ್ದವು. ಎರಡನೇ ಮಹಾಯುದ್ಧದ ನಂತರ ಬ್ಯಾಂಕುಗಳು ಪಶ್ಚಿಮಕ್ಕಿದ್ದ ಹೊಸ ಗೋಪುರಗಳಿಗೆ ಹೊರಟುಹೋದವು. ನೆಲಮಹಡಿಯಲ್ಲಿ ಅಂಗಡಿಗಳು ನಡೆಯುತ್ತಿದ್ದವು. ಮೇಲಿನ ಎಷ್ಟೋ ಮಹಡಿಗಳಿಗೆ ಮಾತ್ರ ದಶಕಗಟ್ಟಲೆ ಬೀಗ.

ಅದೇ ಊರಿನಲ್ಲಿ ಜನರಿಗೆ ಮನೆ ಸಿಗುತ್ತಿರಲಿಲ್ಲ. ಹಾಗಿದ್ದರೆ ಆ ಮಹಡಿಗಳನ್ನೇ ಮನೆ ಮಾಡಬಹುದಿತ್ತು ಅಲ್ವಾ? ಅಡ್ಡ ಬಂದದ್ದರಲ್ಲಿ ಮುಖ್ಯವಾದದ್ದು ಪಾರ್ಕಿಂಗ್ ನಿಯಮ.

ಮನೆ ಕಟ್ಟುವವರು ಇಂತಿಷ್ಟು ಕಾರು ನಿಲ್ಲಿಸಲು ಜಾಗ ಬಿಡಲೇಬೇಕು ಎಂದು ಅಮೆರಿಕದ ನಗರಗಳು ಕಡ್ಡಾಯ ಮಾಡುತ್ತಾ ಬಂದವು. ಓಹಾಯೋ ರಾಜ್ಯದ ಕೊಲಂಬಸ್ 1923ರಲ್ಲೇ ಅಪಾರ್ಟ್‌ಮೆಂಟುಗಳಿಗೆ ಇಂಥ ನಿಯಮ ತಂದಿತ್ತು. ಆದರೆ ಎಷ್ಟು ಜಾಗ ಬಿಡಬೇಕು ಎಂಬ ಸಂಖ್ಯೆ ಎಲ್ಲಿಂದ ಬರುತ್ತದೆ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ ಇದೇ ಪ್ರಶ್ನೆಯ ಬೆನ್ನು ಹತ್ತಿದರು. ಅವರು ಕಂಡುಕೊಂಡಂತೆ, ಆ ಸಂಖ್ಯೆಯ ಹಿಂದಿನ ಬಹಳಷ್ಟು ಅಳತೆಗಳು ಊರಾಚೆಯ ಬಡಾವಣೆಗಳಲ್ಲಿ ತೆಗೆದವು. ಬಸ್ಸಿಲ್ಲ, ಪಾರ್ಕಿಂಗ್ ಪುಕ್ಕಟೆ, ಅದೂ ಅತಿ ಹೆಚ್ಚು ಕಾರು ಸೇರುವ ಹೊತ್ತಿನ ಲೆಕ್ಕ. ಅದನ್ನೇ ತಂದು ನಗರದ ನಡುವೆಯೂ ಹೇರಿದರೆ ಜಾಸ್ತಿ ಜಾಗ ಬೇಕಾಗುವುದು ಸಹಜ.

ಕಾರು ನಿಲ್ಲುವ ಚೌಕ ಸುಮಾರು 150 ಚದರ ಅಡಿ. ಆದರೆ ಕಾರು ಅಲ್ಲಿಗೆ ತಲುಪಬೇಕು, ತಿರುಗಬೇಕು, ಹೊರಗೆ ಬರಬೇಕು. ದಾರಿ, ರ‍್ಯಾಂಪ್ ಎಲ್ಲ ಸೇರಿದರೆ ಒಂದು ಕಾರಿಗೆ 300 ಚದರ ಅಡಿ ದಾಟುತ್ತದೆ. ಎರಡು ಕಾರಿನ ಜಾಗದಲ್ಲಿ ಒಂದು ಬೆಡ್‌ರೂಮಿನ ಮನೆಯೇ ಆಗುತ್ತದೆ. ಹಳೇ ಕಟ್ಟಡದಲ್ಲಿ ಕಷ್ಟ ಇನ್ನೂ ಹೆಚ್ಚು. ಕಂಬಗಳು ಒತ್ತೊತ್ತಾಗಿರುವುದರಿಂದ ಅವುಗಳ ನಡುವೆ ಕಾರು ತಿರುಗುವುದಿಲ್ಲ. ನಿಂತಿರುವ ಹದಿಮೂರು ಮಹಡಿಯ ಅಡಿಯಲ್ಲಿ ನೆಲ ಅಗೆದು ಹೊಸ ಬೇಸ್‌ಮೆಂಟ್ ಮಾಡುವುದಕ್ಕೆ ಆಗುವ ಖರ್ಚನ್ನು ಯಾವ ಬಾಡಿಗೆಯೂ ತುಂಬಿಕೊಡುವುದಿಲ್ಲ. ಹೀಗೆ ನಿಯಮ ಪಾಲಿಸುವ ದಾರಿಯೇ ಇಲ್ಲದೆ ಕಟ್ಟಡಗಳು ಖಾಲಿ ಉಳಿದವು.

1999ರಲ್ಲಿ ನಗರಸಭೆ ನಿಯಮ ಬದಲಿಸಿತು. ಡೌನ್‌ಟೌನ್‌ನ ಹಳೇ ಕಟ್ಟಡವನ್ನು ಮನೆಗಳಾಗಿ ಬದಲಿಸುವವರು ಹೊಸದಾಗಿ ಪಾರ್ಕಿಂಗ್ ಕಟ್ಟಬೇಕಿಲ್ಲ, ಇರುವುದನ್ನು ಉಳಿಸಿಕೊಂಡರೆ ಸಾಕು ಎಂದಿತು. ಬೆಂಕಿ, ಭೂಕಂಪದ ಸುರಕ್ಷತೆಯ ನಿಯಮಗಳನ್ನೂ ಹಳೇ ಕಟ್ಟಡಕ್ಕೆ ಹೊಂದುವಂತೆ ಸ್ವಲ್ಪ ಬಗ್ಗಿಸಿದರು. ಫಲ ಬೇಗ ಕಂಡಿತು. 1970ರಿಂದ 2000ದವರೆಗಿನ ಮೂವತ್ತು ವರ್ಷಗಳಲ್ಲಿ ಡೌನ್‌ಟೌನ್‌ಗೆ ಸೇರಿದ್ದು ನಾಲ್ಕು ಸಾವಿರ ಚಿಲ್ಲರೆ ಮನೆ. 1999ರಿಂದ 2008ರೊಳಗೆ ಈ ಒಂದು ನಿಯಮದ ಅಡಿಯಲ್ಲೇ ಸುಮಾರು ಏಳು ಸಾವಿರ ಮನೆ ಬಂದವು.

ನನಗೆ ಇದರಲ್ಲಿ ಬಹಳ ಇಷ್ಟವಾಗುವ ಭಾಗ ಮುಂದಿನದು. ಕಟ್ಟಡದವರು ಪಾರ್ಕಿಂಗ್ ಇಲ್ಲದೆ ಮನೆ ಮಾರಲಿಲ್ಲ. ಆಸುಪಾಸಿನಲ್ಲಿ ಕಾರು ನಿಲ್ಲಿಸುವ ಗ್ಯಾರೇಜುಗಳಲ್ಲಿ ಜಾಗ ಬಾಡಿಗೆಗೆ ಹಿಡಿದರು. ಕಚೇರಿಯ ಕಾರುಗಳು ಸಂಜೆ ಹೋಗುತ್ತವೆ, ಮನೆಯವರ ಕಾರುಗಳು ಸಂಜೆ ಬರುತ್ತವೆ. ಹಗಲು ಒಬ್ಬರಿಗೆ, ರಾತ್ರಿ ಇನ್ನೊಬ್ಬರಿಗೆ ಅದೇ ಚೌಕ. ಪ್ರತಿ ನಿವೇಶನವೂ ತನ್ನ ಪಾರ್ಕಿಂಗನ್ನು ತಾನೇ ಕಟ್ಟಲಿ ಎಂಬ ನಿಯಮ ಈ ಹಗಲು ರಾತ್ರಿಯ ಲೆಕ್ಕವನ್ನು ಗಮನಿಸುವುದೇ ಇಲ್ಲ. ನಮ್ಮ ನಗರಗಳಲ್ಲೂ ಪ್ಲಾನ್ ಮಂಜೂರಾತಿಗೆ ಹೋದವರಿಗೆ ಇಂಥ ನಿಯಮದ ಪರಿಚಯ ಚೆನ್ನಾಗಿ ಇರುತ್ತದೆ.

ಅದೇ ಡೌನ್‌ಟೌನ್‌ನಲ್ಲಿ ವಾಲ್ಟ್ ಡಿಸ್ನಿ ಸಂಗೀತ ಸಭಾಂಗಣ ಇದೆ. ಅದು ತೆರೆದದ್ದು 2003ರಲ್ಲಿ. ಅದರ ಅಡಿಯ 2,188 ಕಾರುಗಳ ಗ್ಯಾರೇಜು ಅದಕ್ಕೂ ಏಳು ವರ್ಷ ಮೊದಲೇ ಸಿದ್ಧವಾಗಿತ್ತು. ಗ್ಯಾರೇಜಿಗೆ 11 ಕೋಟಿ ಡಾಲರ್ ಖರ್ಚಾಯಿತು. ಆ ಸಾಲ ತೀರಬೇಕೆಂದು ವರ್ಷಕ್ಕೆ ಕನಿಷ್ಠ 128 ಸಂಗೀತ ಕಚೇರಿಗಳು ನಡೆಯಬೇಕು ಎಂದು ಒಪ್ಪಂದವೇ ಆಯಿತು. ಸಂಗೀತಕ್ಕಾಗಿ ಪಾರ್ಕಿಂಗ್ ಇರಬೇಕಾದಲ್ಲಿ ಪಾರ್ಕಿಂಗಿಗಾಗಿ ಸಂಗೀತ ನಡೆಯಬೇಕಾಯಿತು. ಇದು ನನಗೆ ನಿಜಕ್ಕೂ ಬೇಸರ ತರುವ ಸಂಗತಿ.

ನಿಯಮ ಸಡಿಲಿಸಿದ್ದರಿಂದ ಎಲ್ಲರ ಕಷ್ಟವೂ ತೀರಲಿಲ್ಲ. ಬಂದ ಮನೆಗಳಲ್ಲಿ ಬಹಳಷ್ಟು ಅನುಕೂಲಸ್ಥರ ಕೈಗೆಟುಕುವ, ಲಾಫ್ಟ್ ಎಂದು ಕರೆಯುವ ವಿಶಾಲ ಮನೆಗಳು. ಒಂದೆರಡು ಬೀದಿ ಆಚೆಗಿನ ಸ್ಕಿಡ್ ರೋನಲ್ಲಿ ಸಾವಿರಾರು ಜನ ಇಂದಿಗೂ ಮನೆಯಿಲ್ಲದೆ ಇದ್ದಾರೆ. ಅವರಿಗೆ ಸರ್ಕಾರದ ದುಡ್ಡಿನಲ್ಲೇ ಮನೆ ಕಟ್ಟಬೇಕು. ಆದರೆ ಆ ದುಡ್ಡು ಗ್ಯಾರೇಜಿಗೆ ಹೋಗದೆ ಉಳಿದರೆ ಅಷ್ಟು ಹೆಚ್ಚು ಮನೆ ಏಳುತ್ತವೆ. 2023ರ ಜನವರಿಯಿಂದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಮುಖ್ಯ ರೈಲು, ಬಸ್ ನಿಲ್ದಾಣಗಳಿಂದ ಅರ್ಧ ಮೈಲಿಯೊಳಗೆ, ಬಹುಪಾಲು ಹೊಸ ಕಟ್ಟಡಗಳಿಗೆ ಇಂತಿಷ್ಟು ಪಾರ್ಕಿಂಗ್ ಕಟ್ಟಿ ಎಂದು ನಗರಸಭೆಗಳು ಒತ್ತಾಯಿಸುವಂತಿಲ್ಲ. ಬೇಕೆನಿಸಿದವರು ಕಟ್ಟಿಕೊಳ್ಳಬಹುದು.