ಪೈಥಾನ್‌ನಲ್ಲಿ ಎಚ್‌ಮ್ಯಾಕ್ ಲೆಕ್ಕ: ಕೀಲಿ, ಬೈಟ್, ಹೋಲಿಕೆ

ಸಂದೇಶವು ದಾರಿಯಲ್ಲಿ ಬದಲಾಗಿಲ್ಲವೆಂದೂ, ಕಳುಹಿಸಿದವರ ಬಳಿ ನಮ್ಮಲ್ಲಿರುವ ಗುಟ್ಟಿನ ಕೀಲಿಯೇ ಇದೆಯೆಂದೂ ಖಚಿತಪಡಿಸಿಕೊಳ್ಳಲು ಅದರ ಜೊತೆಗೆ ಸಾಗುವ ಚಿಕ್ಕ ಗುರುತನ್ನು ಮ್ಯಾಕ್ ಎನ್ನುತ್ತಾರೆ. ಇದು ಸಂದೇಶವನ್ನು ಮರೆಮಾಡುವುದಿಲ್ಲ. ಕೀಲಿ ಇಬ್ಬರಲ್ಲೂ ಇರುವುದರಿಂದ ಬರೆದವರು ಯಾರೆಂದು ಮೂರನೆಯವರ ಮುಂದೆ ಸಾಬೀತುಪಡಿಸಲೂ ಆಗದು. ಅದಕ್ಕೆ ಡಿಜಿಟಲ್ ಸಹಿಯೇ ಬೇಕು. ಯಾವುದೇ ಉದ್ದದ ಮಾಹಿತಿಯನ್ನು ನಿಗದಿತ ಉದ್ದದ ಬೈಟ್‌ಗಳಾಗಿ ಕುಗ್ಗಿಸುವ ಲೆಕ್ಕ ಹ್ಯಾಶ್; ಅದನ್ನು ಬಳಸಿ ಮ್ಯಾಕ್ ತೆಗೆಯುವ ಒಂದು ವಿಧಾನವೇ ಎಚ್‌ಮ್ಯಾಕ್.

ಕೀಲಿಯನ್ನು ಸಂದೇಶದ ಮುಂದೆ ಜೋಡಿಸಿ ಎಸ್‌ಎಚ್‌ಎ-256 ಹ್ಯಾಶ್ ತೆಗೆದರೆ ಸಾಲದೇ ಎಂಬ ಪ್ರಶ್ನೆ ಕಲಿಯುವವರಿಗೆ ಸಹಜವಾಗಿ ಬರುತ್ತದೆ. ಸಾಲದು. ಈ ಹ್ಯಾಶ್ ಸಂದೇಶವನ್ನು 64 ಬೈಟ್‌ಗಳ ತುಂಡುಗಳಾಗಿ ಓದುತ್ತ, ಪ್ರತಿ ತುಂಡಿಗೂ ತನ್ನ ಒಳಸ್ಥಿತಿಯನ್ನು ಬದಲಿಸಿಕೊಳ್ಳುತ್ತದೆ. ಕೊನೆಯ ಒಳಸ್ಥಿತಿಯೇ ಉತ್ತರವಾಗಿ ಹೊರಬರುವುದರಿಂದ, ಕೀಲಿಯ ಉದ್ದವನ್ನಷ್ಟೇ ಊಹಿಸಬಲ್ಲವನು ಅಲ್ಲಿಂದಲೇ ಲೆಕ್ಕ ಮುಂದುವರಿಸಿ, ಸಂದೇಶದ ಬಾಲಕ್ಕೆ ತನ್ನ ಮಾತನ್ನು ಸೇರಿಸಿ, ಒಪ್ಪಿಗೆಯಾಗುವ ಗುರುತನ್ನೇ ಹುಟ್ಟಿಸಬಲ್ಲ. 2009ರಲ್ಲಿ ಥಾಯ್ ಡುವಾಂಗ್ ಮತ್ತು ಜೂಲಿಯಾನೊ ರಿಜ್ಜೊ ಫೋಟೊ ತಾಣ ಫ್ಲಿಕರ್‌ನ ಎಪಿಐ (ಬೇರೆ ಪ್ರೋಗ್ರಾಂಗಳು ತಾಣದೊಂದಿಗೆ ಮಾತಾಡುವ ದಾರಿ) ಸಹಿಯಲ್ಲಿ ತೋರಿಸಿದ್ದು ಈ ದೋಷವನ್ನೇ. ಅಲ್ಲಿದ್ದದ್ದು ಎಂಡಿ5 ಎಂಬ ಬೇರೊಂದು ಹ್ಯಾಶ್.

ಮಿಹಿರ್ ಬೆಲ್ಲಾರೆ, ರಾನ್ ಕ್ಯಾನೆಟ್ಟಿ ಮತ್ತು ಹ್ಯೂಗೊ ಕ್ರಾಚಿಕ್ 1996ರಲ್ಲಿ ಮಂಡಿಸಿದ, 1997ರಲ್ಲಿ ಆರ್‌ಎಫ್‌ಸಿ 2104 ಎಂಬ ಅಂತರಜಾಲ ತಾಂತ್ರಿಕ ದಾಖಲೆಯಾಗಿ ಬಂದ ಎಚ್‌ಮ್ಯಾಕ್, ಹ್ಯಾಶನ್ನು ಎರಡು ಸುತ್ತು ಓಡಿಸುತ್ತದೆ. ಕೀಲಿ 64 ಬೈಟ್‌ಗಿಂತ ಚಿಕ್ಕದಿದ್ದರೆ ಸೊನ್ನೆಗಳನ್ನು ತುಂಬಿಸಿ 64ಕ್ಕೆ ತರುತ್ತಾರೆ. ದೊಡ್ಡದಿದ್ದರೆ ಮೊದಲು ಅದನ್ನೇ ಹ್ಯಾಶ್ ಮಾಡಿ ಆಮೇಲೆ ತುಂಬಿಸುತ್ತಾರೆ. ಅದರ ಪ್ರತಿ ಬೈಟನ್ನು 54ರೊಂದಿಗೆ ಎಕ್ಸಾರ್ (ಎರಡು ಬಿಟ್‌ಗಳು ಬೇರೆಯಿದ್ದರೆ 1, ಒಂದೇ ಆಗಿದ್ದರೆ 0 ಕೊಡುವ ಲೆಕ್ಕ) ಮಾಡಿ, ಅದರ ಹಿಂದೆ ಸಂದೇಶವನ್ನಿಟ್ಟು ತೆಗೆದ ಹ್ಯಾಶ್ ಒಳಸುತ್ತು. ಅದೇ ಕೀಲಿಯನ್ನು 92ರೊಂದಿಗೆ ಎಕ್ಸಾರ್ ಮಾಡಿ, ಅದರ ಹಿಂದೆ ಒಳಸುತ್ತಿನ 32 ಬೈಟ್‌ಗಳನ್ನಿಟ್ಟು ತೆಗೆದದ್ದು ಹೊರಸುತ್ತು. ಒಳಸುತ್ತಿನ ಉತ್ತರ ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲವಾದ್ದರಿಂದ ಬಾಲ ಸೇರಿಸುವ ಆಟ ಇಲ್ಲಿ ನಡೆಯದು. ಸೊನ್ನೆ ತುಂಬಿಸುವುದರಿಂದ ಒಂದು ವಿಚಿತ್ರವೂ ಉಂಟು: ಚಿಕ್ಕ ಕೀಲಿಯೊಂದರ ಕೊನೆಗೆ ನಾವೇ ಒಂದು ಸೊನ್ನೆ ಬೈಟ್ ಸೇರಿಸಿದರೂ ಗುರುತು ಬದಲಾಗುವುದಿಲ್ಲ. ಕೀಲಿಯ ಉದ್ದವನ್ನು ನಿಗದಿಪಡಿಸಿಕೊಂಡವರಿಗೆ ಇದರಿಂದ ತೊಂದರೆಯಿಲ್ಲ.

ಪೈಥಾನ್‌ನಲ್ಲಿ ಇದಿಷ್ಟನ್ನೂ ಎಚ್‌ಮ್ಯಾಕ್ ಎಂಬ ಮಾಡ್ಯೂಲ್ ಮಾಡಿಕೊಡುತ್ತದೆ. ಅದರ ನ್ಯೂ ಫಂಕ್ಷನ್‌ಗೆ ಕೀಲಿ, ಸಂದೇಶ ಮತ್ತು ಹ್ಯಾಶಿನ ಹೆಸರನ್ನು ಕೊಡಬೇಕು. ಹಿಂದೆ ಹ್ಯಾಶಿನ ಹೆಸರು ಬಿಟ್ಟರೆ ಅದು ಎಂಡಿ5 ಎಂದುಕೊಂಡು ಕೆಲಸ ಮುಗಿಸುತ್ತಿತ್ತು, 3.8ನೇ ಆವೃತ್ತಿಯಿಂದ ಹೆಸರು ಹೇಳುವುದು ಕಡ್ಡಾಯ, ಮತ್ತು ನನ್ನ ಮಟ್ಟಿಗೆ ಇದು ಒಳ್ಳೆಯ ಕಿರಿಕಿರಿ. ಕೀಲಿಯನ್ನು ಸೀಕ್ರೆಟ್ಸ್ ಮಾಡ್ಯೂಲ್‌ನಿಂದ 32 ಬೈಟ್‌ಗಳಷ್ಟು ಪಡೆಯಿರಿ. ಅದನ್ನು ಹೆಕ್ಸ್ ರೂಪದಲ್ಲಿ (ಬೈಟಿಗೆ ಎರಡು ಅಕ್ಷರದಂತೆ) 64 ಅಕ್ಷರಗಳಾಗಿ ಬರೆದಿಟ್ಟಿದ್ದರೆ, ಬಳಸುವ ಮುನ್ನ 32 ಬೈಟ್‌ಗಳಿಗೆ ಮರಳಿಸಬೇಕೇ ಅಥವಾ ಆ 64 ಅಕ್ಷರಗಳೇ ಕೀಲಿಯೇ ಎಂಬುದನ್ನು ಎರಡೂ ಕಡೆಯವರು ಮೊದಲೇ ಒಪ್ಪಿಕೊಂಡಿರಬೇಕು, ಏಕೆಂದರೆ ಎರಡೂ ದೋಷವಿಲ್ಲದೆ ಓಡುತ್ತವೆ, ಉತ್ತರ ಮಾತ್ರ ಬೇರೆ ಬರುತ್ತದೆ. ಬರೆದ ಕೋಡನ್ನು ಆರ್‌ಎಫ್‌ಸಿ 4231ರ ಮಾದರಿ ಉತ್ತರಗಳೊಂದಿಗೆ ತಾಳೆ ನೋಡಿ ಮುಂದುವರಿಯುವುದು ಕ್ಷೇಮ.

ಕನ್ನಡ ಪಠ್ಯದೊಂದಿಗೆ ಕೆಲಸ ಮಾಡುವವರು ಹೆಚ್ಚು ಎಡವುವುದು ಬೈಟ್‌ಗಳಲ್ಲಿ. ‘ಕೊಡಗು’ ಎಂಬ ಪದ ಯೂನಿಕೋಡ್‌ನಲ್ಲಿ ಸಾಮಾನ್ಯವಾಗಿ 5 ಸಂಕೇತಗಳು, ಯುಟಿಎಫ್-8ರಲ್ಲಿ 15 ಬೈಟ್‌ಗಳು. ಆದರೆ ಅದರ ಒತ್ವವನ್ನು ಎತ್ವದ ಗುರುತು ಮತ್ತು ಊಕಾರದ ಗುರುತು ಎಂದು ಬಿಡಿಸಿಯೂ ಬರೆಯಬಹುದು. ಆಗ 6 ಸಂಕೇತಗಳು, 18 ಬೈಟ್‌ಗಳು. ಪರದೆಯಲ್ಲಿ ಎರಡೂ ಒಂದೇ, ಗುರುತು ಬೇರೆ ಬೇರೆ. ಸಾಲದೆಂಬಂತೆ, ಮಾಹಿತಿಯನ್ನು ಜೇಸನ್ ಎಂಬ ಪಠ್ಯರೂಪಕ್ಕೆ ತರುವ ಪೈಥಾನ್‌ನ ಜೇಸನ್ ಮಾಡ್ಯೂಲ್ ಬೇರೆ ಸೂಚನೆಯಿಲ್ಲದಿದ್ದರೆ ಪ್ರತಿ ಕನ್ನಡ ಸಂಕೇತವನ್ನೂ 6 ಆಸ್ಕಿ ಅಕ್ಷರಗಳಾಗಿ ಬರೆಯುತ್ತದೆ. ಅದೇ ‘ಕೊಡಗು’ ಆಗ ಉದ್ಧರಣ ಚಿಹ್ನೆಗಳನ್ನು ಬಿಟ್ಟು 30 ಬೈಟ್. ಹೀಗಾಗಿ ಕಳುಹಿಸುವವರು ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ (ಇಂಥ ಬಿಡಿ ಗುರುತುಗಳನ್ನು ಕೂಡಿಸುವ ಯೂನಿಕೋಡ್ ರೂಪ) ತರುವುದಿದ್ದರೆ ಗುರುತು ಹಾಕುವ ಮುನ್ನವೇ ತರಬೇಕು; ಪಡೆಯುವವರು ಬಂದ ಬೈಟ್‌ಗಳನ್ನು ಮುಟ್ಟದೆ, ಜೇಸನ್ ಬಿಡಿಸುವ ಮೊದಲೇ, ಪರೀಕ್ಷಿಸಬೇಕು. ಬೆಂಗಳೂರಿನ ಪಾವತಿ ಸಂಸ್ಥೆ ರೇಜರ್‌ಪೇ ತನ್ನ ವೆಬ್‌ಹುಕ್‌ಗಳಿಗೆ (ಘಟನೆ ನಡೆದೊಡನೆ ಗ್ರಾಹಕರ ಸರ್ವರ್‌ಗೆ ತಾನಾಗಿ ಕಳುಹಿಸುವ ಸಂದೇಶಗಳಿಗೆ) ಎಸ್‌ಎಚ್‌ಎ-256 ಎಚ್‌ಮ್ಯಾಕ್ ಬಳಸುತ್ತದೆ. ಅಲ್ಲಿಯೂ ಪರೀಕ್ಷಿಸಬೇಕಾದದ್ದು ಬಂದ ರೂಪದಲ್ಲೇ ಇರುವ ಸಂದೇಶದ ಒಡಲನ್ನು.

ಹಲವು ಅಂಶಗಳನ್ನು ಬರಿದೇ ಜೋಡಿಸಿ ಗುರುತು ಹಾಕುವುದೂ ಅಪಾಯಕರ: 500 ಮತ್ತು 12 ಜೋಡಿಸಿದರೂ, 50 ಮತ್ತು 012 ಜೋಡಿಸಿದರೂ ಬರುವುದು 50012. ಪ್ರತಿ ಅಂಶದ ಮುಂದೆ ಅದರ ಉದ್ದವನ್ನು ಬರೆದರೆ ಈ ಗೊಂದಲವಿಲ್ಲ.

ಕೊನೆಯ ಹೆಜ್ಜೆ ಹೋಲಿಕೆ. ಎರಡು ಸಮಚಿಹ್ನೆ (==) ಬಳಸಿ ಮಾಡುವ ಸಾಮಾನ್ಯ ಹೋಲಿಕೆ ಮೊದಲ ವ್ಯತ್ಯಾಸ ಕಂಡೊಡನೆ ನಿಲ್ಲಬಹುದಾದ್ದರಿಂದ, ತಗಲಿದ ಸಮಯವೇ ಎಷ್ಟು ಬೈಟ್ ಸರಿಯಿತ್ತೆಂಬ ಸುಳಿವು ಕೊಡುತ್ತದೆ. ಎಚ್‌ಮ್ಯಾಕ್ ಮಾಡ್ಯೂಲ್‌ನಲ್ಲಿ ಕಂಪೇರ್ ಡೈಜೆಸ್ಟ್ ಎಂಬ ಫಂಕ್ಷನ್ ಇರುವುದು ಈ ಸುಳಿವನ್ನು ತಡೆಯಲು. ಆದರೆ ಅದಕ್ಕೆ ಸ್ಟ್ರಿಂಗ್‌ಗಳನ್ನೇ ಕೊಟ್ಟಾಗ ಆಸ್ಕಿಯಲ್ಲದ ಒಂದು ಅಕ್ಷರವಿದ್ದರೂ ಅದು ಟೈಪ್ ಎರರ್ ಎಸೆಯುತ್ತದೆ; ಹೊರಗಿನಿಂದ ಬಂದ ಗುರುತಿನಲ್ಲಿ ಏನು ಬೇಕಾದರೂ ಇರಬಹುದಾದ್ದರಿಂದ, ಎರಡನ್ನೂ ಬೈಟ್‌ಗಳಾಗಿಸಿಯೇ ಹೋಲಿಸಿ, ಬೈಟ್‌ಗಳಾಗಿ ಬಿಡಿಸಲಾಗದ ಗುರುತನ್ನು ತಪ್ಪು ಗುರುತೆಂದೇ ತಿರಸ್ಕರಿಸಿ.