ಒಂದೇ ದಿನ, ಎರಡು ಅಂಗಳ

ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಹೋದವರಿಗೆಲ್ಲ ಈ ಪರದಾಟ ಗೊತ್ತಿರುತ್ತದೆ. ಮೈಕಿನಲ್ಲಿ "ಉದ್ದ ಜಿಗಿತದವರಿಗೆ ಇದು ಎರಡನೇ ಕರೆ" ಅಂತ ಕೂಗುತ್ತಿರುತ್ತಾರೆ. ಮೈದಾನದ ಆಚೆ ತುದಿಯಲ್ಲಿ 200 ಮೀಟರ್ ಓಟಕ್ಕೆ ಹುಡುಗರು ಸುಣ್ಣದ ಗೆರೆ ಹಿಂದೆ ಬಗ್ಗಿ ನಿಂತಿರುತ್ತಾರೆ. ಎರಡಕ್ಕೂ ಹೆಸರು ಕೊಟ್ಟವನು ಒಬ್ಬನೇ ಹುಡುಗ. ಪಿ.ಟಿ. ಮೇಷ್ಟ್ರು ಮರಳಿನ ಗುಂಡಿ ಹತ್ತಿರ ಓಡಿಹೋಗಿ, "ಸಾರ್, ನಮ್ಮ ಹುಡುಗ ಓಟ ಮುಗಿಸಿ ಬಂದುಬಿಡ್ತಾನೆ, ಒಂದೈದು ನಿಮಿಷ" ಅಂತ ಕೇಳಿಕೊಳ್ಳುತ್ತಾರೆ. ಅಲ್ಲಿ ಕೂತ ತೀರ್ಪುಗಾರರು ಹೂಂ ಅಂದರೆ ಎರಡೂ ಸ್ಪರ್ಧೆ. ಇಲ್ಲದಿದ್ದರೆ ಒಂದೇ.

ಒಂದೇ ದಿನ ಎರಡು ಕಡೆ ಆಡಿದ ದೊಡ್ಡ ದೊಡ್ಡ ಆಟಗಾರರ ಕಥೆ ಓದಿದಾಗಲೆಲ್ಲ ನನಗೆ ಆ ಮೇಷ್ಟ್ರು ನೆನಪಾಗುತ್ತಾರೆ. ಕಸುವು ಬೇಕು, ನಿಜ. ಆದರೆ ಅದರ ಜೊತೆಗೆ ಯಾರೋ ಕಾಯಬೇಕು, ಯಾರೋ ಕಳಿಸಿಕೊಡಬೇಕು, ಗಡಿಯಾರ ಒಂದಿಷ್ಟು ಸಡಿಲ ಕೊಡಬೇಕು.

ಅಥ್ಲೆಟಿಕ್ಸ್‌ನಲ್ಲಿ ಇದಕ್ಕೆ ನಿಯಮದಲ್ಲೇ ಜಾಗ ಇದೆ. ಒಬ್ಬರು ಓಟಕ್ಕೂ ಜಿಗಿತಕ್ಕೂ ಹೆಸರು ಕೊಟ್ಟಿದ್ದು ಎರಡೂ ಒಂದೇ ಹೊತ್ತಿಗೆ ಬಂದರೆ, ಅವರ ಸರದಿಯನ್ನು ಹಿಂದೆ ಮುಂದೆ ಮಾಡಲು ರೆಫ್ರಿ ಒಪ್ಪಬಹುದು. ಒಲಿಂಪಿಕ್ಸ್ ಮಟ್ಟದಲ್ಲಿ ವೇಳಾಪಟ್ಟಿಯನ್ನೇ ಬದಲಿಸಿದ್ದೂ ಉಂಟು. ಮೈಕಲ್ ಜಾನ್ಸನ್ 200 ಮತ್ತು 400 ಮೀಟರ್ ಎರಡನ್ನೂ ಓಡಲಿ ಅಂತ 1996ರ ಅಟ್ಲಾಂಟಾದಲ್ಲಿ ಹಾಗೆ ಮಾಡಿದರು. ಅವರು ಎರಡನ್ನೂ ಗೆದ್ದರು.

ನೆದರ್‌ಲ್ಯಾಂಡ್ಸ್‌ನ ಸಿಫಾನ್ ಹಸನ್ ಅವರಿಗೆ ಟೋಕಿಯೊದಲ್ಲಿ ಅಷ್ಟು ಅನುಕೂಲ ಇರಲಿಲ್ಲ. ಅವರು ಮೂರು ಓಟಕ್ಕೆ ಹೆಸರು ಕೊಟ್ಟಿದ್ದರು. 2021ರ ಆಗಸ್ಟ್ 2ರ ಬೆಳಗ್ಗೆ 1,500 ಮೀಟರ್‌ನ ಹೀಟ್, ಅಂದರೆ ಮೊದಲ ಅರ್ಹತಾ ಸುತ್ತು. ಕೊನೇ ಸುತ್ತು ಶುರುವಾಗುವ ಹೊತ್ತಿಗೆ ಮುಂದಿದ್ದ ಓಟಗಾರ್ತಿ ಬಿದ್ದರು, ಅವರಿಗೆ ತಾಗಿ ಇವರೂ ಬಿದ್ದರು. ಎದ್ದು, ಒಬ್ಬೊಬ್ಬರನ್ನೇ ಹಿಂದೆ ಹಾಕಿ, ಆ ಹೀಟನ್ನು ಗೆದ್ದೇಬಿಟ್ಟರು. ಅದೇ ಸಂಜೆ 5,000 ಮೀಟರ್ ಫೈನಲ್‌ನಲ್ಲಿ ಚಿನ್ನ. ಒಂಬತ್ತು ದಿನಗಳಲ್ಲಿ ಆರು ಓಟ, ಎರಡು ಚಿನ್ನ, ಒಂದು ಕಂಚು.

ಆದರೆ ಅದೆಲ್ಲ ಒಂದೇ ಕೂಟದ ಒಳಗಿನ ಮಾತು. ಒಬ್ಬರೇ ಯಜಮಾನರು, ಒಂದೇ ಮೈದಾನ. ಎರಡು ಬೇರೆ ಆಟ, ಎರಡು ಬೇರೆ ಊರು, ಇಬ್ಬರು ಯಜಮಾನರು ಅಂದಾಗ ಕಷ್ಟ ಶುರುವಾಗುತ್ತದೆ.

ನಮ್ಮ ದೇಶದಲ್ಲಿ ಆ ಕಷ್ಟಕ್ಕೆ ಸಿಕ್ಕಿದವರಲ್ಲಿ ಮದ್ರಾಸಿನ ಎಂ.ಜೆ. ಗೋಪಾಲನ್ ಒಬ್ಬರು. ಮೈಸೂರಿನ ಕ್ರಿಕೆಟ್ ಪ್ರೇಮಿಗಳಿಗೆ ಈ ಹೆಸರು ಪರಿಚಿತ ಇರಬೇಕು. 1934ರ ನವೆಂಬರ್ 4ರಂದು ಚೆಪಾಕ್‌ನಲ್ಲಿ ಮೊತ್ತಮೊದಲ ರಣಜಿ ಪಂದ್ಯದ ಮೊತ್ತಮೊದಲ ಎಸೆತ ಹಾಕಿದವರು ಅವರೇ. ಎದುರಿಗಿದ್ದದ್ದು ಮೈಸೂರು ತಂಡ. ಪಂದ್ಯ ಒಂದೇ ದಿನದಲ್ಲಿ ಮುಗಿದುಹೋಯಿತು, ಮೈಸೂರು ಸೋತಿತು.

ಗೋಪಾಲನ್ ಹಾಕಿಯಲ್ಲೂ ಭಾರತದ ಪರ ಆಡುತ್ತಿದ್ದರು. 1935ರಲ್ಲಿ ಧ್ಯಾನ್‌ಚಂದ್ ಜೊತೆ ನ್ಯೂಜಿಲೆಂಡ್ ಪ್ರವಾಸಕ್ಕೂ ಹೋಗಿದ್ದರು. 1936ರಲ್ಲಿ ಎರಡೂ ಆಟ ಒಟ್ಟಿಗೇ ಕರೆದವು. ಕ್ರಿಕೆಟ್ ತಂಡ ಇಂಗ್ಲೆಂಡಿಗೆ, ಹಾಕಿ ತಂಡ ಬರ್ಲಿನ್ ಒಲಿಂಪಿಕ್ಸ್‌ಗೆ. ಅದು ಹಡಗಿನ ಕಾಲ. ಒಂದು ಕಡೆ ಹೋದರೆ ತಿಂಗಳುಗಟ್ಟಲೆ ಅಲ್ಲೇ. ಗೋಪಾಲನ್ ಹಾಕಿಯ ಆಯ್ಕೆ ಪಂದ್ಯ ಬಿಟ್ಟು ಕ್ರಿಕೆಟ್ ಹಡಗು ಹತ್ತಿದರು.

ಮುಂದಿನದನ್ನು ಬರೆಯಲು ನನಗೆ ನಿಜಕ್ಕೂ ಸಂಕಟ ಆಗುತ್ತದೆ. 1936ರ ಆಗಸ್ಟ್ 15ರಂದು ಬರ್ಲಿನ್‌ನಲ್ಲಿ ಹಾಕಿ ಫೈನಲ್. ಭಾರತ ಜರ್ಮನಿಯನ್ನು 8-1ರಿಂದ ಬಗ್ಗುಬಡಿದು ಚಿನ್ನ ಗೆದ್ದಿತು. ಅದೇ ದಿನ ಲಂಡನ್‌ನ ಓವಲ್‌ನಲ್ಲಿ ಭಾರತದ ಮೂರನೇ ಟೆಸ್ಟ್ ಶುರುವಾಯಿತು. ಗೋಪಾಲನ್ ಆ ಹನ್ನೊಂದರಲ್ಲಿ ಇರಲಿಲ್ಲ. ಆ ಪ್ರವಾಸದ ಮೂರು ಟೆಸ್ಟ್‌ಗಳಲ್ಲಿ ಒಂದರಲ್ಲೂ ಅವರನ್ನು ಆಡಿಸಲಿಲ್ಲ. ಎರಡು ಅಂಗಳದಲ್ಲೂ ನಿಲ್ಲಬಲ್ಲ ಮನುಷ್ಯ ಆವತ್ತು ಯಾವ ಅಂಗಳದಲ್ಲೂ ಇರಲಿಲ್ಲ. ಅದಕ್ಕೂ ಎರಡು ವರ್ಷ ಮುಂಚೆ ಕಲ್ಕತ್ತಾದಲ್ಲಿ ಆಡಿದ್ದೇ ಅವರ ಏಕೈಕ ಟೆಸ್ಟ್ ಆಗಿ ಉಳಿಯಿತು.

ಇಂಗ್ಲೆಂಡಿನಲ್ಲಿ ಕಥೆ ಬೇರೆ. ಅಲ್ಲಿ ಕ್ರಿಕೆಟ್ ಬೇಸಿಗೆಯ ಆಟ, ಫುಟ್‌ಬಾಲ್ ಚಳಿಗಾಲದ ಆಟ. ಕೌಂಟಿ ಕ್ರಿಕೆಟ್‌ನ ಸಂಬಳ ವರ್ಷವಿಡೀ ಬರುತ್ತಿರಲಿಲ್ಲ. ಆದ್ದರಿಂದ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಬ್ಯಾಟ್ ಹಿಡಿದು, ಆಮೇಲೆ ಬೂಟು ಹಾಕಿಕೊಳ್ಳುವವರು ಎಷ್ಟೋ ಜನ ಇದ್ದರು. ನಮ್ಮ ಕಡೆ ಮುಂಗಾರಿಗೊಂದು ಬೆಳೆ, ಹಿಂಗಾರಿಗೊಂದು ಬೆಳೆ ತೆಗೆಯುವ ಹಾಗೆ. ಡೆನಿಸ್ ಕಾಂಪ್ಟನ್ ಇಂಗ್ಲೆಂಡಿಗೆ ಬ್ಯಾಟ್ ಮಾಡಿದರು, ಆರ್ಸೆನಲ್ ಜೊತೆ 1950ರಲ್ಲಿ ಎಫ್‌ಎ ಕಪ್ ಗೆದ್ದರು. ತೊಡಕು ಇದ್ದದ್ದು ಅಂಚಿನಲ್ಲಿ. ಫುಟ್‌ಬಾಲ್ ಆಗಸ್ಟ್‌ನಲ್ಲೇ ಶುರು, ಕ್ರಿಕೆಟ್ ಸೆಪ್ಟೆಂಬರ್ ಮಧ್ಯದವರೆಗೂ ಮುಗಿಯುವುದಿಲ್ಲ. ಆ ಕೆಲವು ವಾರ ಎರಡೂ ಕಡೆಯವರು ಒಬ್ಬನನ್ನೇ ಎಳೆದಾಡುತ್ತಿದ್ದರು.

ಕ್ರಿಸ್ ಬಾಲ್ಡರ್‌ಸ್ಟೋನ್ ಸಿಕ್ಕಿಕೊಂಡದ್ದು ಆ ಅಂಚಿನಲ್ಲೇ.

1975ರ ಸೆಪ್ಟೆಂಬರ್ 15. ಊರು ಚೆಸ್ಟರ್‌ಫೀಲ್ಡ್. ಲೆಸ್ಟರ್‌ಶೈರ್ ತಂಡ ಡರ್ಬಿಶೈರ್ ವಿರುದ್ಧ ಆಡುತ್ತಿತ್ತು. ಸಾಮಾನ್ಯ ಪಂದ್ಯ ಅಲ್ಲ ಅದು. ಲೆಸ್ಟರ್‌ಶೈರ್ ಅಲ್ಲಿಯತನಕ ಒಮ್ಮೆಯೂ ಕೌಂಟಿ ಚಾಂಪಿಯನ್ ಆಗಿರಲಿಲ್ಲ. ರೇ ಇಲ್ಲಿಂಗ್‌ವರ್ತ್ ನಾಯಕತ್ವದಲ್ಲಿ ಮೊದಲ ಸಲ ಪ್ರಶಸ್ತಿ ಕೈಗೆಟುಕುವಷ್ಟು ಹತ್ತಿರ ಬಂದಿತ್ತು. ಎರಡನೇ ದಿನದ ಆಟ ಮುಗಿದಾಗ ಬಾಲ್ಡರ್‌ಸ್ಟೋನ್ 51 ರನ್ ಮಾಡಿ ಔಟಾಗದೆ ಉಳಿದಿದ್ದರು. ಬೇರೆ ಯಾರೇ ಆಗಿದ್ದರೂ ಸ್ನಾನ ಮಾಡಿ, ಊಟ ಮಾಡಿ, ಬೇಗ ಮಲಗುತ್ತಿದ್ದರು, ಅಲ್ವಾ? ಅವರು ಪ್ಯಾಡ್ ಬಿಚ್ಚಿ ನೇರವಾಗಿ ಡಾನ್‌ಕಾಸ್ಟರ್‌ಗೆ ಹೊರಟರು. ಹತ್ತಿರಹತ್ತಿರ 50 ಕಿ.ಮೀ. ದಾರಿ. ರಾತ್ರಿ ಏಳೂವರೆಗೆ ಅಲ್ಲಿ ಫುಟ್‌ಬಾಲ್ ಪಂದ್ಯ. ಡಾನ್‌ಕಾಸ್ಟರ್ ರೋವರ್ಸ್ ಪರವಾಗಿ ಬ್ರೆಂಟ್‌ಫರ್ಡ್ ವಿರುದ್ಧ ಆಡಿದರು. 1-1ರಲ್ಲಿ ಡ್ರಾ.

ಮಾರನೇ ದಿನ ಬೆಳಗ್ಗೆ ಮತ್ತೆ ಚೆಸ್ಟರ್‌ಫೀಲ್ಡ್. ಅದೇ 51ರಿಂದ ಮುಂದುವರಿಸಿ 116ಕ್ಕೆ ಒಯ್ದರು. ಆಮೇಲೆ ಚೆಂಡು ತೆಗೆದುಕೊಂಡು 28 ರನ್‌ಗೆ ಮೂರು ವಿಕೆಟ್ ಕಿತ್ತರು. ಲೆಸ್ಟರ್‌ಶೈರ್ ಗೆದ್ದಿತು, ಚಾಂಪಿಯನ್ ಆಯಿತು. ಒಂದು ಶತಕ ಶುರುವಾಗಿ ಮುಗಿಯುವುದರ ನಡುವೆ ಇಡೀ ಒಂದು ಲೀಗ್ ಫುಟ್‌ಬಾಲ್ ಪಂದ್ಯ ನಡೆದುಹೋಗಿತ್ತು.

ಇದರಲ್ಲಿ ನನಗೆ ತುಂಬಾ ಹಿಡಿಸುವುದು ಇದರ ಸರಳತೆ. ವಿಮಾನ ಇಲ್ಲ, ಹೆಲಿಕಾಪ್ಟರ್ ಇಲ್ಲ, ಪ್ರಾಯೋಜಕರಿಲ್ಲ. ದಾಖಲೆ ಮಾಡಲು ಹೊರಟ ಸಾಹಸವೂ ಅಲ್ಲ. ಎರಡು ಕೆಲಸ ಒಪ್ಪಿಕೊಂಡಿದ್ದ ಒಬ್ಬ ಮನುಷ್ಯ ಎರಡನ್ನೂ ಮಾಡಿ ಮುಗಿಸಿದ. ಊರುಗಳು ಹತ್ತಿರ ಇದ್ದವು, ಒಂದು ಆಟ ಮುಗಿಯುವುದಕ್ಕೂ ಇನ್ನೊಂದು ಶುರುವಾಗುವುದಕ್ಕೂ ನಡುವೆ ಸ್ವಲ್ಪ ಹೊತ್ತು ಇತ್ತು.

ಆ ಬಾಗಿಲು ಆಮೇಲೆ ನಿಧಾನವಾಗಿ ಮುಚ್ಚಿತು. ಇಯಾನ್ ಬಾಥಮ್ ಸ್ಕಂತಾರ್ಪ್ ಪರ ಕೆಲವು ಫುಟ್‌ಬಾಲ್ ಪಂದ್ಯ ಆಡಿದರು. ವೂಸ್ಟರ್‌ಶೈರ್ ನಾಯಕ ಫಿಲ್ ನೀಲ್ 80ರ ದಶಕದಲ್ಲೂ ಲಿಂಕನ್ ಸಿಟಿ ಪರ ಆಡುತ್ತಿದ್ದರು. ಅವರೇ ಆ ಸಾಲಿನ ಕೊನೆಯವರಲ್ಲಿ ಒಬ್ಬರು. ಫುಟ್‌ಬಾಲ್‌ನಲ್ಲಿ ದುಡ್ಡು ಜಾಸ್ತಿ ಆಯಿತು, ಬೇಸಿಗೆಯ ತಯಾರಿ ಕಡ್ಡಾಯ ಆಯಿತು. ಕ್ರಿಕೆಟ್ ವರ್ಷವಿಡೀ ನಡೆಯತೊಡಗಿತು. ಸಂಬಳ ಕೊಡುವ ಕ್ಲಬ್ಬು ಆಟಗಾರನ ಹನ್ನೆರಡು ತಿಂಗಳನ್ನೂ ಕೇಳಿತು. ಆಸ್ಟ್ರೇಲಿಯಾದ ಎಲಿಸ್ ಪೆರಿ 16ನೇ ವಯಸ್ಸಿಗೇ ಕ್ರಿಕೆಟ್ ಮತ್ತು ಫುಟ್‌ಬಾಲ್ ಎರಡರಲ್ಲೂ ದೇಶಕ್ಕೆ ಆಡಿದವರು. 2011ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಗೋಲನ್ನೂ ಹೊಡೆದವರು. ಕೊನೆಗೆ ಅವರೂ ಫುಟ್‌ಬಾಲ್ ಬಿಟ್ಟು ಕ್ರಿಕೆಟ್ಟನ್ನೇ ಉಳಿಸಿಕೊಂಡರು.

ಒಂದೇ ಆಟದಲ್ಲಿ, ದೇಶಕ್ಕೊಮ್ಮೆ ಕ್ಲಬ್ಬಿಗೊಮ್ಮೆ ಅಂತ ಒಂದೇ ದಿನ ಆಡಿದವರೂ ಇದ್ದಾರೆ. 1985ರ ನವೆಂಬರ್ 13ರಂದು ಫುಟ್‌ಬಾಲ್ ಆಟಗಾರ ಸೋರೆನ್ ಲೆರ್ಬಿ ಡಬ್ಲಿನ್‌ನಲ್ಲಿ ಡೆನ್ಮಾರ್ಕ್ ಪರ ಆಡಿದರು. ಅಲ್ಲಿಂದ ವಿಮಾನ ಹತ್ತಿ ಜರ್ಮನಿಯ ಬೋಖುಮ್‌ಗೆ ಹೋಗಿ, ಬಯರ್ನ್ ಮ್ಯೂನಿಕ್ ಪರ ಬದಲಿ ಆಟಗಾರನಾಗಿ ಇಳಿದರು. ಎರಡು ವರ್ಷದ ನಂತರ ಮಾರ್ಕ್ ಹ್ಯೂಸ್ ಮಧ್ಯಾಹ್ನ ಪ್ರಾಗ್‌ನಲ್ಲಿ ವೇಲ್ಸ್ ಪರ, ರಾತ್ರಿ ಮ್ಯೂನಿಕ್‌ನಲ್ಲಿ ಅದೇ ಬಯರ್ನ್ ಪರ ಆಡಿದರು. ಇಬ್ಬರನ್ನೂ ಕರೆಸಿಕೊಂಡದ್ದು ಒಂದೇ ಕ್ಲಬ್. ವಿಮಾನ ಬಂದಿತ್ತು, ಕ್ಲಬ್ಬಿಗೆ ತುರ್ತಿತ್ತು, ಆಟಗಾರ ಓಡಿದ.

ಅಮೆರಿಕದ ಡಿಯಾನ್ ಸ್ಯಾಂಡರ್ಸ್ ಅವರಿಗೆ ಕಾದಿದ್ದದ್ದು ಇನ್ನೊಂದು ಬಗೆಯ ಅನುಭವ. ಅವರು ಅಟ್ಲಾಂಟಾದ ಎರಡು ತಂಡಗಳಿಗೆ ಆಡುತ್ತಿದ್ದರು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಫಾಲ್ಕನ್ಸ್, ಬೇಸ್‌ಬಾಲ್‌ನಲ್ಲಿ ಬ್ರೇವ್ಸ್. ಅಲ್ಲಿ ಬೇಸ್‌ಬಾಲ್‌ನ ನಿರ್ಣಾಯಕ ಪಂದ್ಯಗಳು ಬರುವುದು ಅಕ್ಟೋಬರ್‌ನಲ್ಲಿ, ಆಗ ಫುಟ್‌ಬಾಲ್ ಜೋರಾಗಿ ನಡೆಯುತ್ತಿರುತ್ತದೆ. 1992ರ ಅಕ್ಟೋಬರ್ 11ರ ಮಧ್ಯಾಹ್ನ ಸ್ಯಾಂಡರ್ಸ್ ಮಯಾಮಿಯಲ್ಲಿ ಫಾಲ್ಕನ್ಸ್ ಪರ ಆಡಿದರು. ತಂಡ 21-17ರಿಂದ ಸೋತಿತು. ಅಲ್ಲಿಂದ ಸುಮಾರು 1,600 ಕಿ.ಮೀ. ದೂರದ ಪಿಟ್ಸ್‌ಬರ್ಗ್‌ಗೆ ಹಾರಿ, ರಾತ್ರಿಯ ಪಂದ್ಯಕ್ಕೆ ಬ್ರೇವ್ಸ್ ಸಮವಸ್ತ್ರ ತೊಟ್ಟು ಬೆಂಚಿನ ಮೇಲೆ ಕೂತರು.

ಕೂತೇ ಇದ್ದರು. ಅವರನ್ನು ಆಡಿಸಲೇ ಇಲ್ಲ. ಬ್ರೇವ್ಸ್ 7-1ರಿಂದ ಸೋತಿತು. ತಂಡದ ಆಡಳಿತಕ್ಕೆ ಈ ಓಡಾಟ ಇಷ್ಟ ಇರಲಿಲ್ಲ. ಟಿವಿಯಲ್ಲಿ ವೀಕ್ಷಕ ವಿವರಣೆಗಾರ ಟಿಮ್ ಮೆಕಾರ್ವರ್ ಕಟುವಾಗಿ ಟೀಕಿಸಿದರು. ಕೆಲವೇ ದಿನದಲ್ಲಿ ಬ್ರೇವ್ಸ್ ಆ ಪಂದ್ಯ ಸೇರಿದ್ದ ಸರಣಿಯನ್ನು ಗೆದ್ದಾಗ, ಸ್ಯಾಂಡರ್ಸ್ ಡ್ರೆಸಿಂಗ್ ರೂಮಿನಲ್ಲಿ ಮೆಕಾರ್ವರ್ ಮೇಲೆ ನೀರು ಸುರಿದರು. ಸುರಿದದ್ದು ತಪ್ಪೇ. ಆದರೆ ನಂತರ ಬೇಸ್‌ಬಾಲ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನಲ್ಲಿ ಅದೇ ಸ್ಯಾಂಡರ್ಸ್ 15 ಅವಕಾಶದಲ್ಲಿ ಎಂಟು ಹಿಟ್ ಹೊಡೆದರು. ವರ್ಲ್ಡ್ ಸೀರೀಸ್ ಮತ್ತು ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಆದ ಸೂಪರ್ ಬೌಲ್ ಎರಡರಲ್ಲೂ ಆಡಿದ ಮನುಷ್ಯ ಇವತ್ತಿಗೂ ಅವರೊಬ್ಬರೇ. ಅಷ್ಟು ದೂರ ಹಾರಿಬಂದವನಿಗೆ ಒಂದು ಸಲವಾದರೂ ಬ್ಯಾಟ್ ಕೊಡಬೇಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಈಗಲೂ ಜೀವಂತವಾಗಿ ಉಳಿದಿರುವುದು ಕಾರ್ ರೇಸಿನ ಜೋಡಿ ಓಟ. ಮೇ ತಿಂಗಳ ಕೊನೆಯ ಸೋಮವಾರದ ಹಿಂದಿನ ದಿನ, ಭಾನುವಾರ, ಇಂಡಿಯಾನಪೊಲಿಸ್‌ನಲ್ಲಿ 500 ಮೈಲಿ, ಅದೇ ಸಂಜೆ ಶಾರ್ಲೆಟ್‌ನಲ್ಲಿ 600 ಮೈಲಿ. ಒಟ್ಟು 1,100 ಮೈಲಿ, ಅಂದರೆ ಸುಮಾರು 1,770 ಕಿ.ಮೀ. ಎರಡೂ ಬೇರೆ ಜಾತಿಯ ಕಾರುಗಳು. ಮೊದಲನೆಯದು ತೆರೆದ ಚಕ್ರದ ಹಗುರ ಇಂಡಿಕಾರ್, ಎರಡನೆಯದು ಭಾರದ ನ್ಯಾಸ್ಕಾರ್.

ಇಲ್ಲೂ ಎಲ್ಲವನ್ನೂ ನಿರ್ಧರಿಸಿದ್ದು ವೇಳಾಪಟ್ಟಿ. 1973ರವರೆಗೆ ಇಂಡಿ ರೇಸು ಭಾನುವಾರ ನಡೆಯುತ್ತಿರಲಿಲ್ಲ. ಹಾಗಾಗಿ 1970ರಲ್ಲಿ ಡಾನಿ ಆಲಿಸನ್ ಶಾರ್ಲೆಟ್‌ನಲ್ಲಿ ಗೆದ್ದು, ಆರು ದಿನ ಬಿಟ್ಟು ಇಂಡಿಯಲ್ಲಿ ನಾಲ್ಕನೆಯವರಾದರು. 1974ರಿಂದ ಇಂಡಿಯೂ ಭಾನುವಾರಕ್ಕೆ ಬಂತು, ಎರಡೂ ಡಿಕ್ಕಿ ಹೊಡೆದವು. 1992ರಲ್ಲಿ ಶಾರ್ಲೆಟ್ ಟ್ರ್ಯಾಕಿಗೆ ದೀಪ ಹಾಕಿದರು. ಮುಂದಿನ ವರ್ಷ ಅಲ್ಲಿನ ರೇಸು ಸಂಜೆಗೆ ಸರಿಯಿತು. 1994ರಲ್ಲಿ ಜಾನ್ ಆಂಡ್ರೆಟಿ ಒಂದೇ ದಿನ ಎರಡರಲ್ಲೂ ಓಡಿಸಿದ ಮೊದಲಿಗರಾದರು. ಅವರಿಗೆ ಎಂದೂ ಇಲ್ಲದ ದಾರಿ ತೆರೆದದ್ದು ಆ ದೀಪದ ಕಂಬಗಳು.

ಆಮೇಲೆ ರಾಬಿ ಗಾರ್ಡನ್, ಟೋನಿ ಸ್ಟುವರ್ಟ್, ಕರ್ಟ್ ಬುಷ್. ಸ್ಟುವರ್ಟ್ 1999ರಲ್ಲಿ ಒಂಬತ್ತನೇ ಮತ್ತು ನಾಲ್ಕನೇ ಸ್ಥಾನ ಪಡೆದರು, ಆದರೆ ಕೊನೆಗೆ ಮೈಯಲ್ಲಿ ನೀರಿಲ್ಲದೆ ಕುಸಿದುಹೋದರು. 2001ರಲ್ಲಿ ದೇಹವನ್ನು ಚೆನ್ನಾಗಿ ಪಳಗಿಸಿಕೊಂಡು ಬಂದು ಆರನೇ ಮತ್ತು ಮೂರನೇ ಸ್ಥಾನ ಪಡೆದರು. ಅಷ್ಟೂ 1,100 ಮೈಲಿ ಪೂರ್ತಿ ಮಾಡಿದವರು ಅವರೊಬ್ಬರೇ. 2005ರಲ್ಲಿ ಇಂಡಿ ರೇಸು ಶುರುವಾಗುವ ಸಮಯವನ್ನೇ ಒಂದು ಗಂಟೆ ಮುಂದಕ್ಕೆ ಹಾಕಿದರು. ಅದೊಂದೇ ಗಂಟೆಗೆ ಕೆಲವು ವರ್ಷ ಯಾರೂ ಆ ಸಾಹಸಕ್ಕೆ ಕೈಹಾಕಲಿಲ್ಲ. 2011ರಲ್ಲಿ ಸಮಯ ಮತ್ತೆ ಹಿಂದಕ್ಕೆ ಬಂದ ಮೇಲೆ ದಾರಿ ತೆರೆಯಿತು, 2014ರಲ್ಲಿ ಬುಷ್ ಪ್ರಯತ್ನಿಸಿದರು.

ಐದನೆಯವರು ಕೈಲ್ ಲಾರ್ಸನ್. 2024ರ ಮೇ 26ರಂದು ಮಳೆ ಬಂದು ಇಂಡಿ ರೇಸು ನಾಲ್ಕು ಗಂಟೆ ತಡವಾಯಿತು. ಅವರು ಅಲ್ಲೇ ಉಳಿದು 18ನೇ ಸ್ಥಾನದಲ್ಲಿ ಮುಗಿಸಿದರು. ಅಷ್ಟರಲ್ಲಿ ಶಾರ್ಲೆಟ್‌ನಲ್ಲಿ ರೇಸು ಶುರುವಾಗಿ, ಅವರ ಕಾರನ್ನು ಜಸ್ಟಿನ್ ಆಲ್‌ಗೈಯರ್ ಓಡಿಸುತ್ತಿದ್ದರು. ಲಾರ್ಸನ್ ವಿಮಾನ ಇಳಿದು ಟ್ರ್ಯಾಕ್ ತಲುಪುವ ಹೊತ್ತಿಗೆ ಅಲ್ಲೂ ಮಳೆ. 400 ಸುತ್ತಿನಲ್ಲಿ 249 ಮುಗಿದಿತ್ತು. ಅವರು ತಯಾರಾಗಿ ಕಾದರು. ಮಳೆ ನಿಂತಿತು, ಟ್ರ್ಯಾಕ್ ಒಣಗಿಸುವ ಕೆಲಸ ನಡೆಯಿತು. ಕೊನೆಗೆ ರೇಸು ಅಲ್ಲಿಗೇ ಮುಗಿಯಿತು ಅಂತ ಘೋಷಿಸಿದರು. ಲಾರ್ಸನ್ ಒಂದು ಸುತ್ತೂ ಹಾಕಲಿಲ್ಲ. ವರ್ಷದ ಕೊನೆಯಲ್ಲಿ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪ್ಲೇ-ಆಫ್‌ಗೆ ಸೇರಲು ಎಲ್ಲ ರೇಸನ್ನೂ ಶುರು ಮಾಡಿರಬೇಕು ಅನ್ನುವುದು ಆಗಿನ ನಿಯಮ. ರೇಸು ನಡೆಸುವ ನ್ಯಾಸ್ಕಾರ್ ಸಂಸ್ಥೆ ಅವರಿಗೆ ವಿನಾಯಿತಿ ಕೊಟ್ಟಿತು.

ಮರುವರ್ಷ ಮತ್ತೆ ಬಂದರು. ಈ ಸಲವೂ ಮಳೆಯಿಂದ ಇಂಡಿ ತಡವಾಯಿತು, 91ನೇ ಸುತ್ತಿನಲ್ಲಿ ಅಪಘಾತ. ಹಾರಿ ಶಾರ್ಲೆಟ್‌ಗೆ ಹೋದರು. ಅಲ್ಲೂ ಅಪಘಾತವಾಗಿ ಹೊರಬಿದ್ದರು. ಆ ರಾತ್ರಿ ಅವರು ಹೇಳಿದ್ದರಲ್ಲಿ ಕಾರಿನ ದೂರು ಇರಲಿಲ್ಲ. ಎರಡು ರೇಸಿನ ನಡುವಿನ ಹೊತ್ತು ತೀರಾ ಕಮ್ಮಿ, ಅಪಘಾತ ಆಗದೇ ಇದ್ದಿದ್ದರೂ ತಾನು ಸಮಯಕ್ಕೆ ಇಲ್ಲಿಗೆ ಬರುತ್ತಿರಲಿಲ್ಲ ಅಂದರು.