ಮಾಟ, ಮದ್ದು, ಸೂತಕ: ಒಂದು ಕಾಯ್ದೆ ನಡೆದು ಬಂದ ದಾರಿ

ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ, ತಳವಾರ ವಂಶಸ್ಥರು ಬಾಳೆಕಂಬ ಕಡಿದ ಮೇಲೆ, ಹಾಸನಾಂಬೆಯ ಗರ್ಭಗುಡಿಯ ಬಾಗಿಲು ತೆರೆಯುತ್ತದೆ. ದೀಪಾವಳಿ ಕಳೆದು ಮುಚ್ಚಿದ ಆ ಬಾಗಿಲನ್ನು ಮತ್ತೆ ತೆಗೆಯುವುದು ಮುಂದಿನ ವರ್ಷವೇ. ಹಿಂದಿನ ವರ್ಷ ಹಚ್ಚಿಟ್ಟ ದೀಪ ಆರಿರುವುದಿಲ್ಲ, ಮುಡಿಸಿದ ಹೂವು ಬಾಡಿರುವುದಿಲ್ಲ, ನೈವೇದ್ಯ ಹಳಸಿರುವುದಿಲ್ಲ ಎಂಬುದು ಭಕ್ತರ ನಂಬಿಕೆ. ಕೆಲವು ವರ್ಷಗಳ ಹಿಂದೆ ಪ್ರಗತಿಪರ ಸಂಘಟನೆಗಳು ಇದರ ಸತ್ಯಾಸತ್ಯತೆಯನ್ನು ಪರಿಶೀಲಿಸಬೇಕೆಂದು ಒತ್ತಾಯಿಸಿದ್ದರಿಂದ ಹಾಸನದಲ್ಲಿ ಬಿಸಿಬಿಸಿ ವಾದವೆದ್ದಿತು. ಇಂಥ ವಾದಗಳಲ್ಲಿ ಎರಡೂ ಕಡೆಯವರು ‘ಮೂಢನಂಬಿಕೆ’ ಎಂಬ ಒಂದೇ ಪದವನ್ನು ಹಿಡಿದು ಜಗ್ಗಾಡುತ್ತಾರೆ. ವರ್ಷವಿಡೀ ಉರಿಯುವ ದೀಪಕ್ಕೂ ಅದೇ ಪದ, ನಿಧಿಗಾಗಿ ಹಳೆಯ ಗುಡಿಯ ಪೀಠ ಕೀಳುವುದಕ್ಕೂ ಅದೇ ಪದ, ಬಾಣಂತಿಯನ್ನು ಹಟ್ಟಿಯ ಹೊರಗೆ ಮಲಗಿಸುವುದಕ್ಕೂ ಅದೇ ಪದ. ಈ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದರಿಂದಲೇ ವಿಷಯ ಇಷ್ಟು ಸಿಕ್ಕಾಗಿದೆ. ಹಾಗಾಗಿ ವಾಮಾಚಾರದ ವಿರುದ್ಧ ಕರ್ನಾಟಕ ತಂದ ಕಾಯ್ದೆಯವರೆಗೆ ಆ ಗಂಟನ್ನು ಯಾರು, ಯಾವಾಗ, ಹೇಗೆ ಬಿಚ್ಚಲು ನೋಡಿದರು ಎಂಬುದನ್ನು ಗಮನಿಸುವುದು ಒಳ್ಳೆಯದು.

ಧರ್ಮವನ್ನು ಅಧ್ಯಯನದ ವಿಷಯವಾಗಿಸಿಕೊಂಡ ವಿದ್ವಾಂಸರಿಗೂ ಈ ತೊಡಕು ತಪ್ಪಿರಲಿಲ್ಲ. 1890ರಲ್ಲಿ ತಮ್ಮ ಮಹಾಗ್ರಂಥವನ್ನು ಪ್ರಕಟಿಸಲು ಆರಂಭಿಸಿದ ಜೇಮ್ಸ್ ಫ್ರೇಜರ್, ಮನುಷ್ಯ ಮೊದಲು ಮಾಟವನ್ನು ನಂಬಿದ, ಅದು ಕೈಕೊಟ್ಟಾಗ ದೇವರನ್ನು ಮೊರೆಹೊಕ್ಕ, ಕೊನೆಗೆ ವಿಜ್ಞಾನಕ್ಕೆ ಬಂದ ಎಂದು ಒಂದು ಏಣಿಯನ್ನು ಕಟ್ಟಿಕೊಟ್ಟರು. ಆ ಏಣಿಯ ಕೆಳಮೆಟ್ಟಿಲಿನಲ್ಲಿ ಯಾವಾಗಲೂ ಬೇರೆಯವರೇ ಇರುತ್ತಿದ್ದರು. ದಕ್ಷಿಣ ಸುಡಾನಿನ ಅಜಾಂಡೆ ಜನರ ನಡುವೆ ಇದ್ದು ಬಂದ ಮಾನವಶಾಸ್ತ್ರಜ್ಞ ಇವಾನ್ಸ್ ಪ್ರಿಚರ್ಡ್ 1937ರಲ್ಲಿ ಕೊಟ್ಟ ವಿವರಣೆ ಇದನ್ನು ಬದಲಿಸಿತು. ಕಣಜ ಕುಸಿದು, ನೆರಳಿಗೆಂದು ಅದರ ಕೆಳಗೆ ಕುಳಿತವರು ಗಾಯಗೊಂಡರೆ, ಕಂಬಕ್ಕೆ ಗೆದ್ದಲು ಹಿಡಿದಿತ್ತೆಂಬುದು ಅಲ್ಲಿನವರಿಗೂ ಚೆನ್ನಾಗಿ ಗೊತ್ತು. ಅವರು ಕೇಳುವುದು, ಇದೇ ಹೊತ್ತಿನಲ್ಲಿ ಇವರ ಮೇಲೆಯೇ ಏಕೆ ಬಿತ್ತು ಎಂದು. ಆ ಪ್ರಶ್ನೆಗೆ ಸಿಗುವ ಉತ್ತರ ಸಾಮಾನ್ಯವಾಗಿ ಒಬ್ಬ ನೆರೆಯವನ ಹೆಸರು. ನಮಗೆ ಇನ್ನೂ ಹತ್ತಿರದ ಉದಾಹರಣೆಯೊಂದಿದೆ. ವಿಶ್ವೇಶ್ವರಯ್ಯ ನಾಲೆಯ ನೀರು ಬಂದು ಕಬ್ಬು ಮತ್ತು ಕಾಸು ಎರಡೂ ಕಾಣಿಸಿಕೊಂಡಿದ್ದ ಮಂಡ್ಯದ ಹಳ್ಳಿಯೊಂದರಲ್ಲಿ 1950ರ ದಶಕದಲ್ಲಿ ಅಧ್ಯಯನ ನಡೆಸಿದ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್, ಮಾಟಗಾತಿ ಎಂಬ ಮಾತು ಕೈಸಾಲ ಕೊಡುತ್ತಿದ್ದ ಹೆಂಗಸರ ಕಡೆಗೆ ತಿರುಗುತ್ತಿದ್ದುದನ್ನು ಗುರುತಿಸಿದರು. ಮಾಟದ ಮಾತಿನ ಒಳಗೆ ಹಣದ ಮಾತು, ಸಂಬಂಧದ ಮಾತು ಕುಳಿತಿರುತ್ತದೆ ಎಂಬ ಈ ತಿಳಿವಳಿಕೆ ವಿದ್ವಾಂಸರ ಬರಹಗಳಲ್ಲಿ ಉಳಿಯಿತೇ ಹೊರತು ಕಾನೂನಿನ ಭಾಷೆಗೆ ಇಳಿಯಲಿಲ್ಲ.

ಕಾನೂನಿನ ದಾರಿಯೇ ಬೇರೆ. ಸಂವಿಧಾನದ 25ನೇ ವಿಧಿ ಧರ್ಮವನ್ನು ಆಚರಿಸುವ ಹಕ್ಕನ್ನು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಡಿಸಿಯೇ ಕೊಟ್ಟಿತು. 1954ರಲ್ಲಿ ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಒಂದು ಧರ್ಮದ ಅತ್ಯಗತ್ಯ ಭಾಗ ಯಾವುದೆಂಬುದನ್ನು ಮುಖ್ಯವಾಗಿ ಆ ಧರ್ಮದ ಸಿದ್ಧಾಂತಗಳಿಂದಲೇ ನಿರ್ಣಯಿಸಬೇಕು ಎಂದಿತು. ಏಳು ವರ್ಷಗಳಲ್ಲೇ, 1961ರ ಅಜ್ಮೇರ್ ದರ್ಗಾ ಪ್ರಕರಣದಲ್ಲಿ, ಧಾರ್ಮಿಕವೆನಿಸಿದ ಆಚರಣೆಗಳೂ ಮೂಢನಂಬಿಕೆಯಿಂದ ಹುಟ್ಟಿ ಧರ್ಮಕ್ಕೆ ಅಂಟಿಕೊಂಡವಾಗಿರಬಹುದು ಎಂಬ ಮಾತನ್ನೂ ಸೇರಿಸಿತು. ತಾಯತ, ಮಂತ್ರಗಳಿಂದ ರೋಗ ವಾಸಿಮಾಡುತ್ತೇವೆಂಬ ಜಾಹೀರಾತನ್ನು ನಿಷೇಧಿಸುವ ಕೇಂದ್ರದ ಕಾಯ್ದೆ 1954ರಿಂದಲೂ ಇದೆ. ಪ್ರಾಣಿಬಲಿಯನ್ನು ತಡೆಯುವ ರಾಜ್ಯದ ಕಾಯ್ದೆ 1959ರದು. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಸೇರಿದ್ದು 1976ರಲ್ಲಿ. ಅದೇ ವರ್ಷ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಮತ್ತು ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನು ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದರು. ಆಗಿನ ಚರ್ಚೆಯೆಲ್ಲ ‘ಇದು ನಿಜವೋ ಸುಳ್ಳೋ’ ಎಂಬ ಪ್ರಶ್ನೆಯ ಸುತ್ತ ಇತ್ತು. ಹತ್ತು ವರ್ಷಗಳ ನಂತರ, 1986ರಲ್ಲಿ, ಶಿವಮೊಗ್ಗ ಜಿಲ್ಲೆಯ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆಯನ್ನು ತಡೆಯಲು ಹೋದವರ ಮೇಲೆ ಹಲ್ಲೆ ನಡೆದು, ಆ ಸೇವೆ ನಿಷೇಧಕ್ಕೊಳಗಾದಾಗ ಪ್ರಶ್ನೆ ಹೊರಳಿಕೊಂಡಿತ್ತು: ನಿಜವೋ ಸುಳ್ಳೋ ಎಂಬುದು ಹಿಂದೆ ಸರಿದು, ಯಾರ ಮೈಯ ಮೇಲೆ, ಯಾರ ಘನತೆಯ ಮೇಲೆ ಇದು ನಡೆಯುತ್ತಿದೆ ಎಂಬುದು ಮುಂದೆ ಬಂದಿತ್ತು. ಬಿಹಾರವು 1999ರಲ್ಲಿ ಹೆಂಗಸರನ್ನು ಮಾಟಗಾತಿ ಎಂದು ಹೆಸರಿಸಿ ಹಿಂಸಿಸುವುದನ್ನೇ ಅಪರಾಧವಾಗಿಸಿತು. ಜಾರ್ಖಂಡ್, ಛತ್ತೀಸಗಢಗಳೂ ಅದೇ ಹಾದಿ ಹಿಡಿದವು.

ಕರ್ನಾಟಕದ ಕಾಯ್ದೆಯ ಕಥೆ ಶುರುವಾಗುವುದು 2013ರಲ್ಲಿ. ಆ ವರ್ಷದ ಆಗಸ್ಟ್ 20ರಂದು ಪುಣೆಯಲ್ಲಿ ಮೂಢನಂಬಿಕೆ ವಿರೋಧಿ ಹೋರಾಟಗಾರ ನರೇಂದ್ರ ದಾಭೋಲ್ಕರ್ ಅವರ ಹತ್ಯೆಯಾಯಿತು. ಅವರು ವರ್ಷಾನುಗಟ್ಟಲೆ ಒತ್ತಾಯಿಸಿದ್ದ ಕಾನೂನನ್ನು ಮಹಾರಾಷ್ಟ್ರ ಸರ್ಕಾರ ಕೆಲವೇ ದಿನಗಳಲ್ಲಿ ಸುಗ್ರೀವಾಜ್ಞೆಯ ಮೂಲಕ ತಂದಿತು. ಇಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಕೇಂದ್ರವೊಂದು ಕರಡನ್ನು ಸಿದ್ಧಪಡಿಸಿ ವರ್ಷದ ಕೊನೆಯ ಹೊತ್ತಿಗೆ ಸರ್ಕಾರಕ್ಕೆ ಒಪ್ಪಿಸಿತು. ಆ ಕರಡಿನ ಹೆಸರಿನಲ್ಲಿಯೇ ‘ಮೂಢನಂಬಿಕೆ’ ಎಂಬ ಪದವಿತ್ತು. ಮುಂದಿನ ನಾಲ್ಕು ವರ್ಷ ನಡೆದದ್ದು ಬಹುಮಟ್ಟಿಗೆ ಆ ಪದದ ಮೇಲಿನ ಜಗಳ. ಯಾವುದು ಮೂಢ ಎಂದು ಹೇಳುವವರು ಯಾರು, ಜ್ಯೋತಿಷ್ಯ ಕೇಳಿದರೆ ಜೈಲೇ, ಮುಡಿ ಕೊಟ್ಟರೆ ದಂಡವೇ ಎಂಬ ಆತಂಕಗಳು ಹುಟ್ಟಿದವು. ಮಠಗಳಿಂದಲೂ ಒಂದೇ ದನಿ ಬರಲಿಲ್ಲ. ಕೆಲವರು ವಿರೋಧಿಸಿದರೆ, ಇನ್ನು ಕೆಲವು ಸ್ವಾಮೀಜಿಗಳು ಕಾನೂನು ಬೇಕೆಂದು ಬೀದಿಗಿಳಿದರು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಮನೆಬಾಗಿಲಲ್ಲೇ ಗುಂಡಿಟ್ಟು ಕೊಂದ ಮೇಲೆ ಈ ಚರ್ಚೆ ತಣ್ಣಗೆ ಕುಳಿತು ಆಡುವ ಮಾತಾಗಿ ಉಳಿಯಲಿಲ್ಲ.

2017ರ ನವೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಮಸೂದೆಗೆ ಒಪ್ಪಿಗೆ ದೊರೆತಾಗ ಹೆಸರಿನಿಂದ ‘ಮೂಢನಂಬಿಕೆ’ ಹೊರಟುಹೋಗಿ, ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ಎಂಬ ಮಾತುಗಳು ಬಂದಿದ್ದವು. ಇದನ್ನು ಹಲವರು ಹಿಂಜರಿಕೆ ಎಂದು ಕರೆದರು. ನನಗೆ ಹಾಗೆನಿಸುವುದಿಲ್ಲ. ನಂಬಿಕೆಯನ್ನು ಅಳೆಯುವ ತಕ್ಕಡಿ ಯಾವ ಸರ್ಕಾರದ ಕೈಯಲ್ಲೂ ಇರಬಾರದು, ನೋವನ್ನು ಅಳೆಯಬಹುದು. ಕಾಯ್ದೆ ಜಾರಿಗೆ ಬಂದದ್ದು 2020ರ ಜನವರಿಯಲ್ಲಿ, ಅಂದರೆ ಮಸೂದೆ ಮಂಡಿಸಿದ ಸರ್ಕಾರ ಹೋಗಿ, ಅದರ ನಂತರದ ಸರ್ಕಾರವೂ ಹೋಗಿ, ಮೂರನೆಯದು ಬಂದ ಮೇಲೆ. ಒಂದರಿಂದ ಏಳು ವರ್ಷಗಳವರೆಗೆ ಸೆರೆ, 5,000ದಿಂದ 50,000 ರೂಪಾಯಿಗಳವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ.

ಕಾಯ್ದೆಯ ಜೀವ ಇರುವುದು ಅದರ ಕೊನೆಗೆ ಲಗತ್ತಿಸಿರುವ ಪಟ್ಟಿಯಲ್ಲಿ. ನಿಧಿಶೋಧಕ್ಕಾಗಿ ವಾಮಾಚಾರ, ಗಾಳಿ ಬಿಡಿಸುವ ನೆಪದಲ್ಲಿ ಹೊಡೆತ, ದವಡೆಯ ಈ ಕಡೆಯಿಂದ ಆ ಕಡೆಗೆ ಸಲಾಕೆ ಚುಚ್ಚುವ ಬಾಯಿಬೀಗ, ಎಂಜಲೆಲೆಯ ಮೇಲೆ ಉರುಳಿಸುವುದು, ಹಾವು, ಚೇಳು, ನಾಯಿ ಕಚ್ಚಿದವರನ್ನು ಚಿಕಿತ್ಸೆಗೆ ಹೋಗದಂತೆ ತಡೆದು ಮಂತ್ರ ಹಾಕುವುದು, ಮುಟ್ಟಾದವರನ್ನೂ ಬಸುರಿಯರನ್ನೂ ಊರಿನಿಂದ ದೂರವಿಡುವುದು, ಇವೆಲ್ಲ ಅದರಲ್ಲಿವೆ. ಜಾತ್ರೆಯ ಕೊಂಡದ ವಿಷಯದಲ್ಲಿ ಬಲವಂತವಾಗಿ ಹಾಯಿಸುವುದು ಮಾತ್ರ ಅಪರಾಧ. ಹರಕೆ ಹೊತ್ತ ಮನೆಯವರೆಲ್ಲ ಕೊಂಡದ ಅಂಚಿನಲ್ಲಿ ನಿಂತು ನೋಡುತ್ತಿರುವಾಗ ಹದಿನಾರರ ಹುಡುಗನ ಒಪ್ಪಿಗೆ ಎಷ್ಟರಮಟ್ಟಿಗೆ ಅವನದೇ ಎಂಬುದನ್ನು ಕಾಯ್ದೆ ವಿಚಾರಿಸುವುದಿಲ್ಲ. ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಭಜನೆ, ಮಕ್ಕಳ ಕಿವಿ ಮೂಗು ಚುಚ್ಚುವುದು, ಶ್ರವಣಬೆಳಗೊಳವನ್ನು ಕಂಡ ನಮ್ಮ ಹಾಸನ ಜಿಲ್ಲೆಯವರಿಗೆ ಪರಿಚಿತವಾದ, ಕೂದಲನ್ನು ಕೈಯಿಂದ ಕಿತ್ತುಕೊಳ್ಳುವ ಜೈನರ ಕೇಶಲೋಚ ಇವುಗಳಿಗೆ ವಿನಾಯಿತಿ ಇದೆ, ಅದು ಸರಿಯೇ. ಜ್ಯೋತಿಷಿಗಳ ಸಲಹೆಗೂ ವಾಸ್ತುವಿಗೂ ವಿನಾಯಿತಿ ಇದೆ. ಒಳಗೆ ಸೇರಿದವುಗಳನ್ನು ಒಂದು ಕಡೆ, ಹೊರಗುಳಿದವುಗಳನ್ನು ಇನ್ನೊಂದು ಕಡೆ ಇಟ್ಟು ನೋಡಿದರೆ, ಹಟ್ಟಿ ಮತ್ತು ಕೇರಿಯ ಆಚರಣೆಗಳು ಯಾವ ಕಡೆ ಹೆಚ್ಚಾಗಿವೆ, ಶುಲ್ಕ ಕೊಟ್ಟು ಕೇಳುವ ಸಲಹೆಗಳು ಯಾವ ಕಡೆ ಇವೆ ಎಂಬುದು ಓದುಗರಿಗೆ ತಾನಾಗಿ ಕಾಣುತ್ತದೆ.

ಈ ಪಟ್ಟಿಯನ್ನು ಹಿಡಿದು ಹಾಸನ, ಚಿಕ್ಕಮಗಳೂರಿನ ಊರುಗಳಿಗೆ ಬಂದರೆ, ಕಾಯ್ದೆಯ ಕಣ್ಣಿಗೆ ಸುಲಭವಾಗಿ ಬೀಳುವುದು ನಿಧಿಶೋಧ. ಹೊಯ್ಸಳರ ಕಾಲದ ಗುಡಿಗಳು ಬೇಲೂರು, ಹಳೇಬೀಡಿನಲ್ಲಷ್ಟೇ ಅಲ್ಲ, ಪೂಜೆಯಿಲ್ಲದ, ಕಾವಲಿಲ್ಲದ ಎಷ್ಟೋ ಹಳ್ಳಿಗಳ ಹೊಲದಂಚಿನಲ್ಲೂ ಇವೆ. ಅಮಾವಾಸ್ಯೆಯ ರಾತ್ರಿ ಅಲ್ಲಿ ನಂದಿಯನ್ನು ಎಬ್ಬಿಸಿ, ಲಿಂಗದ ಪೀಠವನ್ನು ಕಿತ್ತು ಗುಂಡಿ ತೋಡಿದವರು ಬೆಳಗಿಗೆ ನಿಂಬೆಹಣ್ಣು, ಕುಂಕುಮ ಬಿಟ್ಟು ಹೋಗಿರುತ್ತಾರೆ. 10 ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕೆಂಬ ಕಾನೂನು 1878ರಿಂದಲೂ ಇದೆ. ಗುಂಡಿ ಕಾಣುತ್ತದೆ, ಸಾಕ್ಷ್ಯ ಉಳಿಯುತ್ತದೆ, ಪೊಲೀಸರಿಗೆ ಕೆಲಸ ಸಲೀಸು. ಕಳೆದುಹೋದ ಶಿಲ್ಪ ಮಾತ್ರ ಮರಳುವುದಿಲ್ಲ.

ಹಾವಿನ ವಿಷಯ ಇಷ್ಟು ಸರಳವಲ್ಲ. ಮಲೆನಾಡಿನ ತೋಟಗಳಲ್ಲಿ ಕಚ್ಚುವ ಹಾವುಗಳಲ್ಲಿ ಬಹಳಷ್ಟಕ್ಕೆ ವಿಷವಿಲ್ಲ. ವಿಷದ ಹಾವು ಕಚ್ಚಿದಾಗಲೂ ಎಷ್ಟೋ ಸಲ ವಿಷ ಒಳಗಿಳಿದಿರುವುದಿಲ್ಲ. ಹಾಗಾಗಿ ಮಂತ್ರ ಹಾಕಿಸಿಕೊಂಡವರು ಬಹುಪಾಲು ಬದುಕುತ್ತಾರೆ, ಮಂತ್ರಕ್ಕೆ ಹೆಸರು ಬರುತ್ತದೆ. ಕೊಳಕುಮಂಡಲ ಕಚ್ಚಿ ರಕ್ತ ಹೆಪ್ಪುಗಟ್ಟದಂತಾದವನಿಗೆ ಪ್ರತಿವಿಷ ಬೇಕಾದದ್ದು ಮಂತ್ರ ನಡೆಯುತ್ತಿರುವ ಆ ಗಂಟೆಗಳಲ್ಲಿಯೇ. ಮಂತ್ರ ಹಾಕುವವರ ಮನೆ ಕೂಗಳತೆಯಲ್ಲಿದ್ದು, ಪ್ರತಿವಿಷವಿರುವ ಆಸ್ಪತ್ರೆ ಮಳೆಗಾಲದ ರಸ್ತೆಯಲ್ಲಿ ಎರಡು ಗಂಟೆಯ ದಾರಿಯಾಗಿದ್ದರೆ ಜನ ಯಾವ ಕಡೆ ಓಡುತ್ತಾರೆ ಎಂಬುದಕ್ಕೆ ನಂಬಿಕೆಯೊಂದೇ ಕಾರಣವಲ್ಲ. 2024ರ ಫೆಬ್ರುವರಿಯಲ್ಲಿ ರಾಜ್ಯವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳಲ್ಲಿ ಸೇರಿಸಿದ್ದು ಈ ಇಡೀ ಇತಿಹಾಸದಲ್ಲಿ ಸದ್ದಿಲ್ಲದೆ ನಡೆದ ಒಳ್ಳೆಯ ಕೆಲಸ.

ಅರಸೀಕೆರೆ, ಕಡೂರಿನ ಬಯಲು ಸೀಮೆಗೆ ಇಳಿದರೆ ಕಾಡುಗೊಲ್ಲರ ಹಟ್ಟಿಗಳಿವೆ. ತಮ್ಮ ದೈವಗಳಾದ ಜುಂಜಪ್ಪ, ಎತ್ತಪ್ಪರ ಹಟ್ಟಿಗೆ ಸೂತಕ ತಾಗಬಾರದೆಂದು ಮುಟ್ಟಾದವರು, ಹೆತ್ತವರು ಹೊರಗೆ ಇರಬೇಕೆಂಬುದು ಹಳೆಯ ಕಟ್ಟಳೆ. ಹೊರಗಿರುವವರಿಗೆಂದು ಸರ್ಕಾರವೇ ಕೆಲವು ಕಡೆ ‘ಕೃಷ್ಣ ಕುಟೀರ’ಗಳನ್ನು ಕಟ್ಟಿಸಿಕೊಟ್ಟಿತ್ತು, ಮಳೆ ಚಳಿಯಿಂದ ರಕ್ಷಣೆ ಸಿಕ್ಕಿತು, ಜತೆಗೆ ಹೊರಗಿಡುವುದಕ್ಕೆ ಸಿಮೆಂಟಿನ ಗೋಡೆಯೂ ಸಿಕ್ಕಿತು. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಹಟ್ಟಿಯೊಂದರ ಹೊರಗೆ, ಮಳೆಗಾಲದ ಗುಡಿಸಲಿನಲ್ಲಿ ಬಾಣಂತಿಯ ಜತೆಗಿದ್ದ ಹಸುಗೂಸು ತೀರಿಕೊಂಡಿತು. ನ್ಯಾಯಾಧೀಶರು ಸ್ಥಳಕ್ಕೆ ಬಂದರು, ಗುಡಿಸಲನ್ನು ತೆಗೆಸಿದರು. ಕಾಯ್ದೆಯಲ್ಲಿ ಇದು ಸ್ಪಷ್ಟ ಅಪರಾಧ. ಆದರೆ ದೂರು ಕೊಡಬೇಕಾದವಳು ಅತ್ತೆಯ ಮೇಲೆ, ತಾಯಿಯ ಮೇಲೆ, ಕೆಲವೊಮ್ಮೆ ದೇವರ ಮುನಿಸಿಗೆ ಹೆದರಿದ ತನ್ನದೇ ಮನಸ್ಸಿನ ಮೇಲೆ ಕೊಡಬೇಕು. ಊರೂರು ತಿರುಗುವ ಆಶಾ ಕಾರ್ಯಕರ್ತೆಯರು ಪ್ರತಿ ಹೆರಿಗೆಯ ಹೊತ್ತಿನಲ್ಲೂ ನಡೆಸುವ ಮಾತುಕತೆ ಯಾವ ಠಾಣೆಯ ದಾಖಲೆಯಲ್ಲೂ ಸಿಗುವುದಿಲ್ಲ.

ಇವೆಲ್ಲಕ್ಕಿಂತ ಆಳದಲ್ಲಿರುವುದು ಮದ್ದು. ಮೂಡಿಗೆರೆ, ಸಕಲೇಶಪುರ, ಆಲೂರಿನ ಕಡೆ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಊಟದಲ್ಲೋ ಬಾಳೆಹಣ್ಣಿನಲ್ಲೋ ಬೆರೆಸಿ ಕೊಟ್ಟದ್ದು ಹೊಟ್ಟೆಯಲ್ಲಿ ಕುಳಿತು ಆಳನ್ನು ಸಣ್ಣಗೆ ಸೊರಗಿಸುತ್ತದೆ ಎಂಬ ನಂಬಿಕೆ ಅದು. ಅನ್ನ ಸೇರುತ್ತಿಲ್ಲ, ಮೈ ಇಳಿಯುತ್ತಿದೆ, ಕೆಮ್ಮು ಬಿಡುತ್ತಿಲ್ಲ ಎಂದರೆ ‘ಯಾರೋ ಮದ್ದು ಹಾಕವ್ರೆ’ ಎಂಬ ಮಾತು ಬರುತ್ತದೆ. ಕಕ್ಕಿಸಿ ತೆಗೆಯುವವರ ಮನೆಗೆ ಮೂರು ವಾರ ಓಡಾಡುವುದರಲ್ಲಿ ಕ್ಷಯವೋ ಸಕ್ಕರೆ ಕಾಯಿಲೆಯೋ ಮುಂದಕ್ಕೆ ಹೋಗಿರುತ್ತದೆ. ಮದ್ದು ತೆಗೆಯುವವರು ಹೆಸರು ಹೇಳುವುದಿಲ್ಲ, ದಿಕ್ಕು ಹೇಳುತ್ತಾರೆ, ಹತ್ತಿರದವರೇ ಎನ್ನುತ್ತಾರೆ. ಹೆಸರನ್ನು ಮನೆಯವರು ತಾವೇ ತುಂಬಿಕೊಳ್ಳುತ್ತಾರೆ. ಆ ಹೆಸರು ಗಂಡ ಸತ್ತವಳದಾಗಿರುತ್ತದೆ, ಮಕ್ಕಳಿಲ್ಲದವಳದಾಗಿರುತ್ತದೆ, ಬೇರೆ ಸೀಮೆಯಿಂದ ಬಂದ ಸೊಸೆಯದಾಗಿರುತ್ತದೆ, ಪಾಲಿಗಾಗಿ ಕೋರ್ಟಿಗೆ ಹೋದ ಓರಗಿತ್ತಿಯದಾಗಿರುತ್ತದೆ. ಮಂಡ್ಯದ ಹಳ್ಳಿಯಲ್ಲಿ ಎಪ್‌ಸ್ಟೀನ್ ಕಂಡ ಸಾಲಗಾತಿಯರ ಜಾಗದಲ್ಲಿ ಇಲ್ಲಿ ಇವರು ನಿಂತಿದ್ದಾರೆ. ಮಾಟದ ಹೆಸರಿನಲ್ಲಿ ಹೊಡೆದರೆ, ಬೆತ್ತಲೆ ಮೆರವಣಿಗೆ ಮಾಡಿದರೆ ಕಾಯ್ದೆ ಬರುತ್ತದೆ. ಇಲ್ಲಿ ಯಾರೂ ಹೊಡೆಯುವುದಿಲ್ಲ, ಬೈಯುವುದೂ ಇಲ್ಲ. ಅವಳ ಮನೆಯಲ್ಲಿ ಕಾಫಿಗೆ ಕೂರಿಸಿದರೆ ಈಗಷ್ಟೇ ಕುಡಿದು ಬಂದೆ ಎನ್ನುತ್ತಾರೆ, ಮಕ್ಕಳಿಗೆ ಆ ಕಡೆ ಆಡಬೇಡಿ ಎಂದು ಕಣ್ಣಿನಲ್ಲೇ ಹೇಳುತ್ತಾರೆ, ಮದುವೆ ಮನೆಯಲ್ಲಿ ಬಡಿಸಲು ನಿಂತ ಹೆಂಗಸರ ಸಾಲಿಗೆ ಅವಳನ್ನು ಕರೆಯುವುದಿಲ್ಲ.